ನಿಧಾನವೆಂದರೆ ನಿರ್ಭಯವಲ್ಲ

ಬೆಂಗಳೂರಿನಿಂದ ಒಂದೇ ಹೆದ್ದಾರಿಯಲ್ಲಿ ಬಂದ ಲಾರಿಗಳು ದಾಬಸ್‌ಪೇಟೆಯಲ್ಲಿ ಚದುರುತ್ತವೆ: ಕೆಲವು ತುಮಕೂರಿಗೆ, ಕೆಲವು ಕೊರಟಗೆರೆಗೆ, ಕೆಲವು ದೊಡ್ಡಬಳ್ಳಾಪುರಕ್ಕೆ. ಮನುಷ್ಯನ ದೇಹ ಹೊಕ್ಕ ಎಚ್‌ಐವಿಯ ಕಥೆಯೂ ಹೀಗೆಯೇ. ಲೈಂಗಿಕ ಸಂಪರ್ಕದಿಂದ ತಗಲಿದ ಸೋಂಕಿನಲ್ಲಿ ಬಹಳಷ್ಟು ಸಲ ಮೊದಲು ನೆಲೆಯೂರುವುದು ಒಂದೇ ವೈರಸ್ಸಿನ ವಂಶ. ಕವಲುಗಳು ಹುಟ್ಟುವುದು ಆಮೇಲೆ.

ಕಾರಣ, ನಕಲಿನ ತಪ್ಪು. ಎಚ್‌ಐವಿಯ ಆನುವಂಶಿಕ ಬರಹ ಸುಮಾರು 9,700 ಅಕ್ಷರಗಳದ್ದು. ಅದನ್ನು ನಕಲಿಸುವ ಕಿಣ್ವಕ್ಕೆ ತನ್ನ ತಪ್ಪನ್ನು ತಿದ್ದಿಕೊಳ್ಳಲು ಬಾರದು. ಚಿಕಿತ್ಸೆ ಪಡೆಯದವರ ದೇಹದಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ರೋಗನಿರೋಧಕ ಪಡೆ ಒಂದು ರೂಪವನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ರೂಪ ತಲೆಯೆತ್ತಿರುತ್ತದೆ.

ಚಿಕಿತ್ಸೆ ಇಲ್ಲದಿದ್ದರೆ ಸಾಮಾನ್ಯವಾಗಿ ಹತ್ತು ವರ್ಷಗಳ ಆಸುಪಾಸಿನಲ್ಲಿ ಏಡ್ಸ್ ಕಾಣಿಸಿಕೊಳ್ಳುತ್ತದೆ. ಆದರೆ ಕೆಲವರು ಅದಕ್ಕೂ ಹೆಚ್ಚು ಕಾಲ ಆರೋಗ್ಯವಾಗಿರುತ್ತಾರೆ. ಹಾಗಾದರೆ ಅವರಲ್ಲಿ ವೈರಸ್ ನಿದ್ರಿಸುತ್ತಿದೆಯೆ?

ಅಮೆರಿಕದಲ್ಲಿ ಶಂಕರಪ್ಪ ಮತ್ತು ಸಂಗಡಿಗರು ರೋಗ ಮಂದಗತಿಯಲ್ಲಿ ಅಥವಾ ಮಧ್ಯಮ ಗತಿಯಲ್ಲಿ ಸಾಗುತ್ತಿದ್ದ ಒಂಬತ್ತು ಮಂದಿಯ ವೈರಸ್ಸನ್ನು 6ರಿಂದ 12 ವರ್ಷ ಪರಿಶೀಲಿಸಿ, 1999ರಲ್ಲಿ ಉತ್ತರ ಕೊಟ್ಟರು. ವೈರಸ್ಸಿನ ಹೊರಕವಚದ ಜೀನು ಮೊದಲ ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಬದಲಾಗುತ್ತಲೇ ಇತ್ತು. ಹೊರಗೆ ಶಾಂತಿ, ಒಳಗೆ ಕದನ!

ಸಿಡ್ನಿಯ ಪ್ರಕರಣ ಇನ್ನೂ ಸ್ವಾರಸ್ಯಕರ. ಒಬ್ಬ ದಾನಿಯ ರಕ್ತದಿಂದ ಸೋಂಕು ತಗಲಿದ ಹಲವರು ವರ್ಷಗಟ್ಟಲೆ ಚೆನ್ನಾಗಿಯೇ ಇದ್ದರು. ಅವರೊಳಗಿನ ವೈರಸ್ಸಿನಲ್ಲಿ ‘ನೆಫ್’ ಎಂಬ ಜೀನಿನ ಭಾಗಗಳೇ ಇಲ್ಲವೆಂದು 1995ರಲ್ಲಿ ತಿಳಿಯಿತು. ಆದರೂ ಕಾಲಕ್ರಮೇಣ ಅವರಲ್ಲಿ ಕೆಲವರ ರೋಗನಿರೋಧಕ ಕೋಶಗಳು ಕುಗ್ಗಿದವು. ಊನಗೊಂಡ ವೈರಸ್ಸೂ ಸುಮ್ಮನಿರಲಿಲ್ಲ.

ಭಾರತದಲ್ಲಿ ಹೆಚ್ಚಾಗಿರುವುದು ಎಚ್‌ಐವಿಯ ‘ಸಿ’ ಉಪವರ್ಗ. ವೈರಸ್ಸಿನ ವೃದ್ಧಿಯನ್ನು ಚಾಲೂ ಮಾಡುವ ಸ್ವಿಚ್ಚಿನಂಥ ತಾಣಗಳು ಇದರಲ್ಲಿ ಸಾಮಾನ್ಯವಾಗಿ ಮೂರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ, ನಾಲ್ಕು ತಾಣಗಳುಳ್ಳ ಹೊಸ ತಳಿಗಳನ್ನು ಗುರುತಿಸಿ 2012ರಲ್ಲಿ ವರದಿ ಮಾಡಿತು. ವಿಕಾಸ ನಮ್ಮ ನೆರೆಯಲ್ಲೇ ನಡೆಯುತ್ತಿದೆ.

‘ಮೈಯಲ್ಲಿ ಏನೂ ತೊಂದರೆಯಿಲ್ಲ, ಮಾತ್ರೆ ಯಾಕೆ?’ ಎನ್ನುವವರಿಗೆ ಉತ್ತರ ಇಲ್ಲಿದೆ. ನಕಲು ನಿಂತರೆ ಮಾತ್ರ ಕವಲೊಡೆಯುವುದು ನಿಲ್ಲುತ್ತದೆ. ಆ ಕೆಲಸ ಮಾಡುವುದು ಎಆರ್‌ಟಿ ಮಾತ್ರೆ. ಸೋಂಕು ಪತ್ತೆಯಾದ ಎಲ್ಲರಿಗೂ, ರೋಗ ಯಾವ ಹಂತದಲ್ಲೇ ಇರಲಿ, 2017ರಿಂದ ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತಿದೆ. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡುವುದಿಲ್ಲ. ನಿಧಾನವಾಗಿ ಬರುವ ಶತ್ರುವೂ ಶತ್ರುವೇ. ಅವನು ಮನೆ ಬಾಗಿಲಿಗೆ ಬರುವವರೆಗೆ ಕಾಯುವುದು ಜಾಣತನವಲ್ಲ.