ಸ್ಮೃತಿಭ್ರಂಶವೂ ಹೊಲಮನೆಯ ಶುಶ್ರೂಷೆಯೂ

ಮುಪ್ಪಿನಲ್ಲಿ ಬರುವ ಮರವೆಗೆ ಕನ್ನಡದಲ್ಲಿ ‘ಅರಳುಮರಳು’ ಎಂಬ ಹೆಸರು ರೂಢವಾಗಿದೆ. ‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆಯಂತೂ ಮನೆಮಾತಾಗಿದೆ. ಬುದ್ಧಿಯು ಮಸುಳುವುದು ವಯಸ್ಸಿನ ಧರ್ಮವೇ ಹೊರತು ವ್ಯಾಧಿಯಲ್ಲವೆಂಬ ತೀರ್ಪು ಈ ಗಾದೆಯೊಳಗೆ ಅಡಗಿರುವುದು. ವೈದ್ಯಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಡಿಮೆನ್ಷಿಯ ಎಂದು ಅದು ಕರೆಯುವ ಸ್ಮೃತಿಭ್ರಂಶವು ಮಿದುಳಿನ ನಾನಾ ರೋಗಗಳಿಂದ ಉಂಟಾಗುವ ಲಕ್ಷಣಸಮುದಾಯವು. ಇವುಗಳಲ್ಲಿ ಪ್ರಧಾನವಾದುದನ್ನು ಜರ್ಮನಿಯ ವೈದ್ಯನಾದ ಅಲೋಯಿಸ್ ಆಲ್‌ಝೈಮರನು ೧೯೦೬ನೆಯ ಇಸವಿಯಲ್ಲಿ ಟ್ಯೂಬಿಂಗೆನ್ ನಗರದ ವೈದ್ಯಸಭೆಯಲ್ಲಿ ನಿರೂಪಿಸಿದನು. ೧೯೧೦ರಲ್ಲಿ ಕ್ರೇಪೆಲಿನ್ ಎಂಬ ವೈದ್ಯನು ತನ್ನ ಗ್ರಂಥದಲ್ಲಿ ಅದಕ್ಕೆ ಆತನ ಹೆಸರನ್ನೇ ಇಟ್ಟನು. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ೨೦೨೧ರಲ್ಲಿ ಜಗತ್ತಿನಲ್ಲಿ ೫ ಕೋಟಿ ೭೦ ಲಕ್ಷ ಮಂದಿ ಸ್ಮೃತಿಭ್ರಂಶವುಳ್ಳವರಾಗಿದ್ದರು.

ಈ ವ್ಯಾಧಿಗಳಲ್ಲಿ ಬಹುತೇಕವನ್ನು ಬೇರುಸಹಿತ ಕೀಳುವ ಔಷಧವು ದೊರೆತಿಲ್ಲ. ಆದುದರಿಂದ ಚಿಕಿತ್ಸೆಯಷ್ಟೇ ಗುರುತರವಾದ ಮತ್ತೊಂದು ಪ್ರಶ್ನೆಯು ಏಳುವುದು: ಉಳಿದ ವರ್ಷಗಳನ್ನು ರೋಗಿಯು ಎಲ್ಲಿ, ಹೇಗೆ ಕಳೆಯಬೇಕು? ನೆದರ್ಲೆಂಡ್ಸ್ ದೇಶದವರು ಇದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ‘ಜೋರ್ಗ್‌ಬೂರ್ಡೆರೈ’ ಎಂಬುದು ಒಂದು. ಡಚ್ ಭಾಷೆಯ ‘ಜೋರ್ಗ್’ ಶಬ್ದಕ್ಕೆ ಕಳವಳವೆಂದೂ ಆರೈಕೆಯೆಂದೂ ಎರಡರ್ಥಗಳುಂಟು. ‘ಬೂರ್ಡೆರೈ’ ಎಂದರೆ ರೈತನ ಹೊಲಮನೆ. ೧೯೯೮ರಲ್ಲಿ ಸುಮಾರು ೭೫ ಇದ್ದ ಇಂತಹ ಹೊಲಮನೆಗಳು ಮುಂದೆ ಸಾವಿರವನ್ನು ಮೀರಿದುವು. ಬುದ್ಧಿಮಾಂದ್ಯವುಳ್ಳವರು, ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರು ಮೊದಲಾದವರಿಗೂ ಇವು ಆಶ್ರಯಗಳು. ಸ್ಮೃತಿಭ್ರಂಶವುಳ್ಳ ವೃದ್ಧರು ಅವರಲ್ಲಿ ಒಂದು ವರ್ಗ.

ಅಲ್ಲಿಯ ದಿನಚರಿಯು ಸರಳವಾದುದು. ವೃದ್ಧರು ಬೆಳಗ್ಗೆ ಬಂದು ಒಂದು ಮೇಜಿನ ಸುತ್ತಲೂ ಕುಳಿತು ಕಾಫಿಯನ್ನು ಕುಡಿಯುವರು. ಬಳಿಕ ಒಬ್ಬನು ಕೋಳಿಗಳಿಗೆ ಕಾಳು ಹಾಕುವನು. ಇನ್ನೊಬ್ಬನು ಅಂಗಳವನ್ನು ಗುಡಿಸುವನು. ಮತ್ತೊಬ್ಬಳು ಆಲೂಗಡ್ಡೆಯ ಸಿಪ್ಪೆ ತೆಗೆಯುವಳು. ದಣಿದವನು ಬಿಸಿಲಿನಲ್ಲಿ ಕುಳಿತು ನೋಡುವನು. ನಡುಹಗಲಿನಲ್ಲಿ ಸಹಭೋಜನ, ಸಂಜೆ ಮನೆಗೆ ಹಿಂದಿರುಗುವಿಕೆ. ಹಗಲಿರುಳೂ ಅಲ್ಲಿಯೇ ವಾಸಿಸಲು ಅವಕಾಶವಿರುವ ಹೊಲಮನೆಗಳೂ ಕೆಲವುಂಟು. ಯಾವ ಕೆಲಸವೂ ಕಡ್ಡಾಯವಲ್ಲ. ಆದರೆ ಯಾವ ಕೆಲಸವೂ ಹುಸಿಯಲ್ಲ. ಕೋಳಿಯ ಹಸಿವು ನಿಜವಾದುದು. ಸಿಪ್ಪೆ ತೆಗೆದ ಗಡ್ಡೆಯು ಆ ದಿನದ ಊಟಕ್ಕೆ ಬೇಕಾದುದು.

ಇದರಿಂದ ಪ್ರಯೋಜನವು ಹೇಗಾಗುವುದೆಂದರೆ— ಸ್ಮೃತಿಯು ಸಂಸ್ಕಾರದಿಂದ ಹುಟ್ಟುವುದೆಂದು ತರ್ಕಶಾಸ್ತ್ರಜ್ಞರ ಮತ. ಆದರೆ ಸಂಸ್ಕಾರಗಳೆಲ್ಲವೂ ಮಿದುಳಿನ ಒಂದೇ ಎಡೆಯಲ್ಲಿ ನೆಲೆಗೊಂಡಿರುವುದಿಲ್ಲವೆಂದು ಆಧುನಿಕ ಶಾರೀರವಿಜ್ಞಾನವು ತೋರಿಸಿಕೊಟ್ಟಿದೆ. ನಿನ್ನೆ ನಡೆದುದನ್ನು ನೆನಪಿನಲ್ಲಿಡುವುದಕ್ಕೆ ಹಿಪೋಕ್ಯಾಂಪಸ್ ಎಂಬ ಭಾಗವು ಬೇಕು. ಆಲ್‌ಝೈಮರನ ರೋಗವು ಮೊದಮೊದಲಲ್ಲಿಯೇ ಅದನ್ನು ಹಿಡಿಯುವುದು. ಕೈಗೆ ಪಳಗಿದ ಕೆಲಸದ ಸಂಸ್ಕಾರವಾದರೋ ಮಿದುಳಿನ ಬೇರೆ ಭಾಗಗಳನ್ನು ಆಶ್ರಯಿಸಿ ಬಹುಕಾಲ ಉಳಿದಿರುವುದು. ಇಂದು ಯಾವ ವಾರವೆಂದು ಹೇಳಲಾರದವನು ಪೊರಕೆಯು ಕೈಗೆ ಬಂದೊಡನೆ ಗುಡಿಸಬಲ್ಲನು. ವಾರವನ್ನು ಕೇಳುವ ಸ್ಥಳದಲ್ಲಿ ಅವನು ದಿನವೂ ಸೋಲುವನು. ಪೊರಕೆಯನ್ನು ಕೊಡುವ ಸ್ಥಳದಲ್ಲಿ ಅವನು ಉಪಯುಕ್ತನಾದ ಮನುಷ್ಯನು. ಹೊಲಮನೆಯ ಶುಶ್ರೂಷೆಯ ತಿರುಳು ಇದೇ.

ಪ್ರಮಾಣಗಳೂ ಇಲ್ಲದಿಲ್ಲ. ಸಾಮಾನ್ಯವಾದ ಹಗಲಾರೈಕೆಯ ಕೇಂದ್ರಗಳೊಡನೆ ಹೋಲಿಸಿ ಆ ದೇಶದ ಸಂಶೋಧಕರು ೨೦೦೯ ಮತ್ತು ೨೦೧೦ರಲ್ಲಿ ಪ್ರಕಟಿಸಿದ ಪರಿಶೀಲನೆಗಳಲ್ಲಿ, ಹೊಲಮನೆಗೆ ಹೋಗುವವರು ಹೆಚ್ಚಾಗಿ ಬಯಲಿನಲ್ಲಿ ಓಡಾಡುವರೆಂದೂ ಹೆಚ್ಚಾಗಿ ಉಣ್ಣುವರೆಂದೂ ಕಂಡುಬಂದಿತು. ಈ ವ್ಯಾಧಿಯಲ್ಲಿ ಮೈ ಸೊರಗುವುದು ಸಾಮಾನ್ಯವಾದುದರಿಂದ ಉಣ್ಣುವಿಕೆಯು ಅಲ್ಪವಿಷಯವಲ್ಲ.

ಇಲ್ಲಿ ಆಕ್ಷೇಪವೊಂದುಂಟು. ಹೊಲಮನೆಯನ್ನು ಆರಿಸಿಕೊಳ್ಳುವವರಲ್ಲಿ ಗಂಡಸರೂ ಕಡಮೆ ವಯಸ್ಸಿನವರೂ ಹೆಚ್ಚು. ಆದುದರಿಂದ ಕಂಡ ಭೇದವು ಸ್ಥಳದ ಗುಣವೋ ಬಂದವರ ಗುಣವೋ ಎಂದು ಸಂಶಯಪಡಬಹುದು. ಈ ಸಂಶಯವು ಯುಕ್ತವೇ ಆಗಿದೆ. ಮೇಲಾಗಿ, ನಿತ್ಯಕರ್ಮಗಳನ್ನು ತಾವೇ ಮಾಡಿಕೊಳ್ಳುವ ಶಕ್ತಿಯನ್ನು ಕುರಿತು ೨೦೧೨ರಲ್ಲಿ ಹೊರಬಂದ ಹೋಲಿಕೆಯಲ್ಲಿ ಎರಡು ಬಗೆಯ ಕೇಂದ್ರಗಳಿಗೂ ಗಣನೀಯವಾದ ಭೇದವು ತೋರಲಿಲ್ಲ. ಎಂದರೆ ಹೊಲಮನೆಯು ರೋಗವನ್ನು ತಡೆಯುವುದೆಂದು ಹೇಳುವುದಕ್ಕೆ ಆಧಾರವು ಸಾಲದು. ಹೇಳಬಹುದಾದುದು ಇಷ್ಟೇ: ಅದು ರೋಗದೊಡನೆ ಕಳೆಯುವ ದಿನವನ್ನು ತುಂಬುವುದು, ಮನೆಯಲ್ಲಿ ಹಗಲಿರುಳು ಕಾದಿರುವ ಹೆಂಡತಿಗೋ ಗಂಡನಿಗೋ ಮಗಳಿಗೋ ಕೆಲವು ಗಂಟೆಗಳ ಬಿಡುವನ್ನು ಕೊಡುವುದು. ಆ ಬಿಡುವಿಲ್ಲದೆ ಶುಶ್ರೂಷೆ ಮಾಡುವವರೇ ಕುಸಿದರೆ ರೋಗಿಗೆ ಮನೆಯೇ ತಪ್ಪುವುದು.

ರೈತನ ಸೌಜನ್ಯವೊಂದರಿಂದಲೇ ಇದು ನಡೆಯುತ್ತಿಲ್ಲವೆಂಬುದನ್ನೂ ಗಮನಿಸಬೇಕು. ಆರೈಕೆಯ ವೆಚ್ಚಕ್ಕಾಗಿ ಅರ್ಹರಾದವರ ಕೈಗೇ ಹಣವನ್ನು ಒಪ್ಪಿಸುವ ಪದ್ಧತಿಯು ಆ ದೇಶದಲ್ಲಿ ೧೯೯೦ರ ದಶಕದಲ್ಲಿ ಆರಂಭವಾಯಿತು. ೨೦೧೫ರಿಂದ ಮನೆಯಲ್ಲಿರುವವರ ಹಗಲಾರೈಕೆಯ ಹೊಣೆಯು ಪೌರಸಭೆಗಳದಾಯಿತು. ಬೇಸಾಯದ ಆದಾಯವು ಸಾಲದ ರೈತನಿಗೆ ಇದು ಎರಡನೆಯ ಜೀವನೋಪಾಯವೂ ಆಯಿತು.

ಕನ್ನಡನಾಡಿನ ಒಕ್ಕಲುಮನೆಗಳಲ್ಲಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುವ ಅಜ್ಜಿಯರು ಅಪರೂಪವಲ್ಲ. ಹಾಗೆಂದು ಇದೆಲ್ಲವೂ ಇಲ್ಲಿ ಮೊದಲೇ ಇದ್ದುದೆಂದು ತೃಪ್ತಿಪಡುವುದು ತರವಲ್ಲ. ತರಬೇತು ಪಡೆದ ಪರಿಚಾರಕರೂ ಗೊತ್ತಾದ ವೆಚ್ಚದ ಏರ್ಪಾಡೂ ಇಲ್ಲದೆಡೆಯಲ್ಲಿ ಭಾರವೆಲ್ಲವೂ ಮನೆಯ ಒಬ್ಬಿಬ್ಬರ ಮೇಲೆಯೇ ಬೀಳುವುದು. ಭಾಷೆಯಿಂದಾಗಬೇಕಾದ ಉಪಕಾರವೂ ಒಂದುಂಟು. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ೧೨ ಜೀವಸತ್ವದ ಕೊರತೆ, ವಿಷಾದರೋಗ ಇವುಗಳಿಂದಲೂ ಮರವೆಯು ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಎಲ್ಲವನ್ನೂ ಅರಳುಮರಳೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಅಂತಹ ರೋಗಿಯನ್ನು ವೈದ್ಯನ ಬಳಿಗೆ ಕರೆದೊಯ್ಯುವವರೇ ಇಲ್ಲವಾಗುವರು. ಗಾದೆಯು ಗಾದೆಯಾಗಿಯೇ ಉಳಿಯಲಿ. ಪಾಠದಲ್ಲಿಯೂ ಕೋಶದಲ್ಲಿಯೂ ಈ ವ್ಯಾಧಿಗೆ ‘ಮರವೆಯ ರೋಗ’ ಎಂಬಂತಹ ತಿಳಿಯಾದ ಹೆಸರು ನೆಲೆಗೊಳ್ಳುವುದು ಯುಕ್ತವಾಗಿದೆ.