ಕಂಬ ಅಡ್ಡ ಬಂದಾಗ

ಹೋದ ವರ್ಷ ನಮ್ಮ ಲ್ಯಾಬ್ ಹೊಸ ಕಟ್ಟಡಕ್ಕೆ ಬಂತು. ಗಾಜಿನ ಬಾಗಿಲು, ದುಬಾರಿ ಕುರ್ಚಿ, ಬಟನ್ ಒತ್ತಿದರೆ ಮೇಲೇಳುವ ಮೇಜು, ಎಲ್ಲ ಇದೆ. ಆಫೀಸಿನ ನಟ್ಟನಡುವೆ ಎರಡಡಿ ದಪ್ಪದ ಕಾಂಕ್ರೀಟ್ ಕಂಬವೂ ಇದೆ! ಮೇಲಿನ ಮಹಡಿಗಳ ಭಾರ ಹೊತ್ತ ಕಂಬ, ತೆಗೆಯೋಕಾಗಲ್ಲ. ಹಾಗಾಗಿ ಸುತ್ತ ಚಂದದ ಮರದ ಹಲಗೆ ಹೊದಿಸಿದ್ದಾರೆ. ಅದರ ಹಿಂದಿನ ಮೇಜಿಗೆ ಕಿಟಕಿ ಬೆಳಕು ಬರಲ್ಲ, ಅಲ್ಲಿ ಕೂತವರಿಗೆ ಯಾರ ಮುಖವೂ ಕಾಣಲ್ಲ. ಹೊಸದಾಗಿ ಸೇರುವ ವಿದ್ಯಾರ್ಥಿಗೆ ಸಿಗೋದು ಆ ಮೇಜೇ.

ಇದೇ ಕಿರಿಕಿರಿ ತಲೆಯಲ್ಲಿಟ್ಟುಕೊಂಡು ವಿಸ್ಕಾನ್ಸಿನ್‌ನ ರಸೀನ್ ಊರಿಗೆ ಹೋಗಿ, ಜಾನ್ಸನ್ ವ್ಯಾಕ್ಸ್ ಕಂಪನಿಯ ಕಚೇರಿ ನೋಡಿಬಂದೆ. ಫ್ರಾಂಕ್ ಲಾಯ್ಡ್ ರೈಟ್ ಅವರ ವಿನ್ಯಾಸ. 1936ರಲ್ಲಿ ಕೆಲಸ ಶುರುವಾಗಿ 1939ರಲ್ಲಿ ಮುಗೀತು.

ಅಲ್ಲಿನ ದೊಡ್ಡ ಹಾಲ್‌ನಲ್ಲಿ ಕಂಬಗಳನ್ನು ಬಚ್ಚಿಟ್ಟಿಲ್ಲ. ಎಲ್ಲಿ ನೋಡಿದರೂ ಕಂಬಗಳೇ. ಪ್ರತಿಯೊಂದರ ಬುಡ ಬರೀ 9 ಇಂಚು ಅಗಲ; ಮೇಲೆ ಹೋಗ್ತಾ ದಪ್ಪವಾಗಿ, ಕೊನೆಗೆ ಸುಮಾರು 18 ಅಡಿ ಅಗಲದ ತಟ್ಟೆಯಾಗಿ ಹರಡಿಕೊಳ್ಳುತ್ತೆ. ಆ ತಟ್ಟೆಗಳೇ ಸೂರು. ತಟ್ಟೆ ತಟ್ಟೆಯ ನಡುವಿನ ಸಂದಿಗೆ ಪೈರೆಕ್ಸ್ ಗಾಜಿನ ಕೊಳವೆಗಳನ್ನು ಜೋಡಿಸಿದ್ದಾರೆ, ಬೆಳಕು ಅಲ್ಲಿಂದ ಸೋಸಿ ಬರುತ್ತೆ. ಮಲೆನಾಡಿನವರಿಗೆ ಮಧ್ಯಾಹ್ನದ ಅಡಿಕೆ ತೋಟ ನೆನಪಾಗದೆ ಇರಲ್ಲ. ಬುಡ ಸಣ್ಣದಾದ್ದರಿಂದ ಮೇಜುಗಳಿಗೆ ಧಾರಾಳ ಜಾಗ.

ಅಂದಿನ ಅಧಿಕಾರಿಗಳು ಮಾತ್ರ ಒಪ್ಪಲಿಲ್ಲ. ನಿಯಮದ ಪ್ರಕಾರ ಅಷ್ಟೆತ್ತರದ ಕಂಬ 30 ಇಂಚು ಇರಬೇಕಿತ್ತು. ಸರಿ, 1937ರ ಜೂನ್‌ನಲ್ಲಿ ಒಂದು ಕಂಬ ಮಾತ್ರ ಕಟ್ಟಿ, ಎಲ್ಲರ ಎದುರಿಗೇ ಅದರ ತಲೆ ಮೇಲೆ ಭಾರ ಹೇರುತ್ತಾ ಹೋದರು. 12 ಟನ್ ಹೊತ್ತರೆ ಪಾಸ್. ಕಂಬ 60 ಟನ್ ಹೊತ್ತಿತು!

ಹೇಗೆ? ಪ್ಲಾಸ್ಟಿಕ್ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿ ನೋಡಿ. ಪುಡಿಯಾಗಲ್ಲ, ಬಿಲ್ಲಿನ ಹಾಗೆ ಬಾಗುತ್ತೆ. ಸಪೂರ ಕಂಬದ ಶತ್ರು ಭಾರಕ್ಕಿಂತ ಹೆಚ್ಚಾಗಿ ಈ ಬಾಗುವಿಕೆ. ಹಾಲ್‌ನಲ್ಲಿ ತಟ್ಟೆಗಳ ಅಂಚನ್ನು ಒಂದಕ್ಕೊಂದು ಬೆಸೆದಿದ್ದಾರೆ, ಒಂದು ಕಂಬ ಒಂಟಿಯಾಗಿ ವಾಲುವ ಹಾಗಿಲ್ಲ. ಬಾಗುವ ಒತ್ತಡವೆಲ್ಲ ಮೇಲಿನ ಬೆಸುಗೆಯ ಹತ್ತಿರ, ಬುಡದಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು. ಅದಕ್ಕೇ ಮೇಲೆ ದಪ್ಪ, ಕೆಳಗೆ ಸಣ್ಣ. ಹಳೇ ಮರದ ಮೇಜಿನ ಕಾಲು ನೋಡಿ, ಇದೇ ಆಕಾರ. ಒಳಗಡೆ ಕಂಬ ಟೊಳ್ಳು, ಕಾಂಕ್ರೀಟಿಗೆ ಉಕ್ಕಿನ ಜಾಲರಿಯ ಬಲ.

ರೈಟ್ ಇದರ ಭಾಗಗಳಿಗೆ ಕಾಂಡ, ದಳ ಅಂತೆಲ್ಲ ಹೆಸರಿಟ್ಟಿದ್ದರು. ಜನ ನೈದಿಲೆ ಎಲೆ ಅಂತಾರೆ. ಜೀವಶಾಸ್ತ್ರ ಓದಿದ ನನಗೆ ಇಲ್ಲಿ ಸ್ವಲ್ಪ ತಕರಾರಿದೆ. ನೈದಿಲೆ ಎಲೆಯನ್ನು ಹೊರುವುದು ನೀರು, ತೊಟ್ಟು ಅದಕ್ಕೆ ಕಟ್ಟಿದ ಹಗ್ಗ ಅಷ್ಟೇ. ಮರವೂ ಅಲ್ಲ. ಅಡಿಕೆ ಮರದ ತುದಿ ಗಾಳಿಗೆ ಸ್ವತಂತ್ರ, ಬೇರು ಬಿಗಿ. ಹಾಗಾಗಿ ಪೆಟ್ಟು ಬೀಳೋದು ಬುಡಕ್ಕೆ. ಈ ಕಂಬ ಲೆಕ್ಕದಲ್ಲಿ ತಲೆಕೆಳಗಾದ ಮರ.

ಹಾಗಂತ ಎಲ್ಲವೂ ಸುಸೂತ್ರವಾಗಿರಲಿಲ್ಲ. ಗಾಜಿನ ಕೊಳವೆಗಳ ಸಂದಿಯಿಂದ ಮಳೆ ಸೋರಿತು. ಆಮೇಲೆ ಎಷ್ಟೋ ಕಡೆ ಅವನ್ನು ಬದಲಾಯಿಸಬೇಕಾಯ್ತು. ರೈಟ್ ಮಾಡಿಸಿದ ಮೂರು ಕಾಲಿನ ಕುರ್ಚಿಯಲ್ಲಿ ಸ್ವಲ್ಪ ವಾಲಿ ಕೂತರೆ ಬೀಳ್ತಿದ್ದರು. ಕಂಬಕ್ಕೆ 60 ಟನ್ ಪರೀಕ್ಷೆ ನಡೀತು, ಕುರ್ಚಿಯ ಪರೀಕ್ಷೆ ಮಾತ್ರ ಟೈಪಿಸ್ಟ್‌ಗಳ ಪಾಲಿಗೆ ಬಂತು. ಕೊನೆಗೆ ನಾಲ್ಕನೇ ಕಾಲು ಸೇರಿಸಿದರು.

ನಮ್ಮ ಕಂಬದ ಹಿಂದಿನ ಮೇಜು ತೆಗೆದು, ಹಲಗೆಯ ಮೇಲೆ ವೈಟ್‌ಬೋರ್ಡ್ ಹಾಕಿ, ಸುತ್ತ ನಿಂತು ಮಾತಾಡೋಕೆ ಜಾಗ ಬಿಡಿ ಅಂತ ಅರ್ಜಿ ಕೊಟ್ಟಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ಈ ಸೆಮಿಸ್ಟರ್ ಸೇರಿದ ಹುಡುಗಿ ನನ್ನ ಕಿಟಕಿ ಪಕ್ಕದ ಜಾಗದಲ್ಲಿದ್ದಾಳೆ. ಈ ಸಂಚಿಕೆ ನಾನು ಬರೆದದ್ದು ಕಂಬದ ಹಿಂದೆ ಕೂತು, ಹಗಲಲ್ಲೇ ಟೇಬಲ್ ಲ್ಯಾಂಪ್ ಹಾಕ್ಕೊಂಡು.