ನಳ್ಳಿ ನೀರಿನ ಗುಣಮಟ್ಟ: ವರದಿಯನ್ನು ಓದುವ ಬಗೆ ಮತ್ತು ಮನೆಯಲ್ಲಿ ಶುದ್ಧೀಕರಿಸುವ ಕ್ರಮ



ಕುಡಿಯುವ ನೀರಿಗಾಗಿ ಮನೆಗೆ ಯಂತ್ರವೊಂದನ್ನು ಕೊಳ್ಳಬೇಕೇ, ಕೊಳ್ಳುವುದಾದರೆ ಯಾವುದನ್ನು ಎಂಬ ಪ್ರಶ್ನೆಯನ್ನು ಗ್ರಾಮಸ್ಥರು ತಮ್ಮ ವಾರ್ಡಿನ ಸದಸ್ಯರ ಮುಂದಿಡುವುದು ಸಾಮಾನ್ಯವಾಗಿದೆ. ಈ ಪ್ರಶ್ನೆಗೆ ಎಲ್ಲ ಮನೆಗಳಿಗೂ ಹೊಂದುವ ಒಂದೇ ಉತ್ತರವಿಲ್ಲ. ನೀರಿನ ಮೂಲ ಯಾವುದು, ಪರೀಕ್ಷಾ ವರದಿ ಏನು ಹೇಳುತ್ತದೆ, ಕಾಲ ಯಾವುದು ಎಂಬ ಮೂರು ಸಂಗತಿಗಳನ್ನು ತಿಳಿದ ಬಳಿಕವೇ ಉತ್ತರಿಸಲು ಸಾಧ್ಯ. ತಪ್ಪು ಯಂತ್ರದಿಂದ ಹಣ ವ್ಯರ್ಥವಾಗುವುದಷ್ಟೇ ಅಲ್ಲ, ಇಲ್ಲದ ರಕ್ಷಣೆ ಇದೆಯೆಂಬ ನಂಬಿಕೆಯೂ ಮನೆಯೊಳಗೆ ಬೇರೂರುತ್ತದೆ.

1. ನಮ್ಮ ನೀರಿನ ಸ್ವಭಾವ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ನೀರಿನ ಮೂಲಗಳು ಮುಖ್ಯವಾಗಿ ಮೂರು: ನೇತ್ರಾವತಿ, ಫಲ್ಗುಣಿ ಮತ್ತು ಅವುಗಳ ಉಪನದಿಗಳ ನೀರು, ಮುರಕಲ್ಲಿನ ನೆಲದಲ್ಲಿ ತೋಡಿದ ತೆರೆದ ಬಾವಿಗಳು ಹಾಗೂ ಕೊಳವೆ ಬಾವಿಗಳು. ಮಂಗಳೂರು ನಗರಕ್ಕೆ ಸರಬರಾಜಾಗುವ ನೀರು ಕೂಡ ಬಂಟ್ವಾಳ ತಾಲ್ಲೂಕಿನ ತುಂಬೆಯ ಕಿಂಡಿ ಅಣೆಕಟ್ಟೆಯಿಂದಲೇ ಹೋಗುತ್ತದೆ. ಬೆಳ್ತಂಗಡಿಯ ಹಳ್ಳಿಯೊಂದರಲ್ಲಿ ಹೊಳೆಗೆ ಸೇರಿದ ಕಲ್ಮಶವು ಕೆಳಗಿನ ಪಟ್ಟಣಗಳ ನಳ್ಳಿಗೂ ಸಂಬಂಧಿಸಿದ್ದೆಂಬುದನ್ನು ಇದರಿಂದ ತಿಳಿಯಬಹುದು.

ಅಧಿಕ ಮಳೆ ಬೀಳುವ ಈ ಪ್ರದೇಶದಲ್ಲಿ ಮಣ್ಣಿನ ಲವಣಗಳು ತೊಳೆದುಹೋಗಿರುವುದರಿಂದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾಗಿಯೂ ಕಡಿಮೆ ಲವಣಾಂಶವುಳ್ಳದ್ದಾಗಿಯೂ ಸ್ವಲ್ಪ ಆಮ್ಲೀಯವಾಗಿಯೂ ಇರುತ್ತದೆ. ಕೆಲವು ಕೊಳವೆ ಬಾವಿಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿರುತ್ತದೆ. ಬಯಲುಸೀಮೆಯ ಫ್ಲೋರೈಡ್ ಮತ್ತು ಗಡಸುತನದ ಸಮಸ್ಯೆಗಿಂತ ನಮ್ಮ ಸಮಸ್ಯೆ ಭಿನ್ನವಾದುದು. ಇಲ್ಲಿ ಮೊದಲು ಗಮನಿಸಬೇಕಾದುದು ರೋಗಾಣುಗಳನ್ನು. ಮುರಕಲ್ಲಿನ ರಂಧ್ರಗಳ ಮೂಲಕ ನೀರು ಬೇಗನೆ ಹರಿಯುವುದರಿಂದ, ಶೌಚಗುಂಡಿಗೂ ಬಾವಿಗೂ ನಡುವೆ ವಾಡಿಕೆಯ 15 ಮೀಟರ್ ಅಂತರವಿದ್ದರೂ ಪೂರ್ಣ ನಿಶ್ಚಿಂತೆ ಸಲ್ಲದು.

2. ವರದಿಯಲ್ಲಿ ನೋಡಬೇಕಾದ ಅಂಶಗಳು

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10500:2012 ಮಾನದಂಡ ಅನ್ವಯಿಸುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಹಲವು ಸಾಲುಗಳಿದ್ದರೂ ನಮ್ಮ ಭಾಗದಲ್ಲಿ ಮೊದಲು ನೋಡಬೇಕಾದವು ಇವು:

• ಇ-ಕೊಲೈ: 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಂಡುಬರಬಾರದು. ಕಂಡುಬಂದಲ್ಲಿ ನೀರಿಗೆ ಮಲದ ಸಂಪರ್ಕವಾಗಿದೆ ಎಂದೇ ಅರ್ಥ.
• ಕಲಕು: 1 ಎನ್‌ಟಿಯು ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 5ರವರೆಗೆ ಅವಕಾಶವಿದೆ.
• ಪಿಎಚ್: 6.5ರಿಂದ 8.5. ಇದಕ್ಕಿಂತ ಕಡಿಮೆಯಾದರೆ ನೀರು ಲೋಹದ ಕೊಳವೆ ಮತ್ತು ನಳ್ಳಿಗಳನ್ನು ಸವೆಸುತ್ತದೆ.
• ಕಬ್ಬಿಣ: ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು.
• ಕರಗಿದ ಒಟ್ಟು ಘನಾಂಶ, ಅಂದರೆ ಟಿಡಿಎಸ್: ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಲ್ಲಿ 2,000ದವರೆಗೆ.
• ನೈಟ್ರೇಟ್: ಲೀಟರಿಗೆ 45 ಮಿಲಿಗ್ರಾಂ ಮೀರಬಾರದು.
• ಉಳಿಕೆ ಕ್ಲೋರಿನ್: ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ವೈರಾಣುಗಳಿಂದ ರಕ್ಷಣೆ ಬೇಕಾದ ಸಂದರ್ಭದಲ್ಲಿ ಕನಿಷ್ಠ 0.5.

ಟಿಡಿಎಸ್ ಅಂಕಿ ಕಡಿಮೆಯಿದ್ದ ಮಾತ್ರಕ್ಕೆ ನೀರು ಶುದ್ಧವೆಂದು ಭಾವಿಸಬಾರದು. ಯಂತ್ರ ಮಾರುವವರು ತೋರಿಸುವ ಪೆನ್ನಿನಾಕಾರದ ಮಾಪಕವು ಲವಣಾಂಶವನ್ನು ಮಾತ್ರ ಸೂಚಿಸುತ್ತದೆ, ರೋಗಾಣುವನ್ನಲ್ಲ. ಕಾಮಾಲೆ ಹರಡುವ ನೀರಿನಲ್ಲಿಯೂ ಆ ಅಂಕಿ 50ರ ಒಳಗಿರಬಹುದು.

3. ಟ್ಯಾಂಕಿನಿಂದ ನಳ್ಳಿಯವರೆಗೆ

2019ರ ಆಗಸ್ಟ್ 15ರಂದು ಘೋಷಿಸಲಾದ ಜಲಜೀವನ್ ಮಿಷನ್ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ನಳ್ಳಿಯ ಮೂಲಕ ಒದಗಿಸುವ ಗುರಿ ಹೊಂದಿದೆ. ಆದರೆ ಶುದ್ಧೀಕರಣ ಘಟಕದಿಂದ ಹೊರಟ ನೀರು ಅದೇ ಗುಣಮಟ್ಟದಲ್ಲಿ ಕೊನೆಯ ಮನೆಯನ್ನು ತಲುಪುತ್ತದೆ ಎನ್ನಲಾಗದು. ಸರಬರಾಜು ನಿಂತ ಅವಧಿಯಲ್ಲಿ ಕೊಳವೆಯೊಳಗಿನ ಒತ್ತಡ ಕುಸಿದು, ಸೋರುವ ಜೋಡಣೆಗಳ ಮೂಲಕ ಚರಂಡಿಯ ನೀರು ಒಳಸೇರುತ್ತದೆ. ಆದುದರಿಂದ ಉಳಿಕೆ ಕ್ಲೋರಿನನ್ನು ಟ್ಯಾಂಕಿನ ಬಳಿ ಮಾತ್ರವಲ್ಲದೆ ಕೊಳವೆ ಮಾರ್ಗದ ಕಟ್ಟಕಡೆಯ ನಳ್ಳಿಯಲ್ಲಿಯೂ ಪರೀಕ್ಷಿಸಬೇಕು. ಟ್ಯಾಂಕಿನ ಬಳಿ 0.5 ಇದ್ದು ಕೊನೆಯ ನಳ್ಳಿಯಲ್ಲಿ ಶೂನ್ಯವಿದ್ದರೆ ನಡುವೆ ಎಲ್ಲೋ ಕಲ್ಮಶ ಸೇರುತ್ತಿರುವ ಸಾಧ್ಯತೆಯಿದ್ದು, ಆ ಮಾರ್ಗವನ್ನು ತಪಾಸಣೆಗೆ ಒಳಪಡಿಸುವುದು ಅಗತ್ಯ.

4. ಮನೆಯಲ್ಲಿ ಶುದ್ಧೀಕರಿಸುವ ಕ್ರಮಗಳು

ಕುದಿಸುವುದು: ನೀರು ತಳದಿಂದ ಮೇಲಕ್ಕೆ ಕೊತಕೊತನೆ ಒಂದು ನಿಮಿಷ ಕುದಿದರೆ ರೋಗಾಣುಗಳು ನಾಶವಾಗುತ್ತವೆ. ಜೀರಿಗೆ ಅಥವಾ ಲಾವಂಚ ಹಾಕಿ ಕುದಿಸಿದ ನೀರನ್ನು ಕುಡಿಯುವ ನಮ್ಮ ಕಡೆಯ ಪದ್ಧತಿ ಉತ್ತಮವಾದುದು. ಆದರೆ ಬಿಸಿ ಆರಲೆಂದು ಅದಕ್ಕೆ ಹಸಿ ನೀರನ್ನು ಬೆರೆಸಿದರೆ ಕುದಿಸಿದ ಶ್ರಮವೆಲ್ಲ ನಿಷ್ಫಲ. ಮದುವೆ, ನೇಮ, ಬ್ರಹ್ಮಕಲಶಗಳಂತಹ ಸಮಾರಂಭಗಳಲ್ಲಿ ಈ ಲೋಪಕ್ಕೆ ಅವಕಾಶ ಹೆಚ್ಚು. ಪಾನಕ ಮತ್ತು ಮಜ್ಜಿಗೆಗೆ ಬಳಸುವ ನೀರು ಹಾಗೂ ಮಂಜುಗಡ್ಡೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು.

ಕ್ಯಾಂಡಲ್ ಸೋಸುಕ: ಕಲಕನ್ನು ಮತ್ತು ಬಹುಪಾಲು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ವೈರಾಣುಗಳನ್ನು ನಂಬಿಕೆಯಿಟ್ಟು ತಡೆಯಲಾರದು. ಕ್ಯಾಂಡಲನ್ನು ಆಗಾಗ ಉಜ್ಜಿ ತೊಳೆಯಬೇಕು. ಬಿರುಕು ಕಂಡೊಡನೆ ಬದಲಿಸಬೇಕು.

ಯುವಿ ಯಂತ್ರ: ತಿಳಿಯಾದ ನೀರಿನಲ್ಲಿ ಪರಿಣಾಮಕಾರಿ. ಕಲಕು ಅಥವಾ ಕಬ್ಬಿಣವಿದ್ದಲ್ಲಿ ಕಿರಣವು ರೋಗಾಣುವನ್ನು ತಲುಪಲಾರದು. ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಇದರಿಂದ ರಕ್ಷಣೆಯಿಲ್ಲ. ಮಳೆಗಾಲದಲ್ಲಿ ಈ ಎರಡೂ ತೊಡಕುಗಳು ಒಟ್ಟಿಗೆ ಬರುವುದುಂಟು.

ಆರ್‌ಒ ಯಂತ್ರ: ಇದರ ಮುಖ್ಯ ಕಾರ್ಯ ಲವಣಾಂಶವನ್ನು ತೆಗೆಯುವುದು. ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ನೀರಿಗೆ ಇದರ ಬಳಕೆಯನ್ನು ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತ್ತು. ಮೆದು ನೀರಿನಲ್ಲಿ ಇರುವ ಅಲ್ಪ ಖನಿಜವನ್ನೂ ಇದು ಕಳೆಯುತ್ತದೆ. ಒಂದು ಲೀಟರ್ ಕೊಡಲು ಅನೇಕ ವೇಳೆ ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ನಮ್ಮ ಹೆಚ್ಚಿನ ಬಾವಿಗಳ ನೀರಿಗೆ ಇದರ ಅಗತ್ಯವಿಲ್ಲ. ನೈಟ್ರೇಟ್ ಅಥವಾ ಲವಣಾಂಶ ಮಿತಿ ಮೀರಿದೆಯೆಂದು ವರದಿ ತೋರಿಸಿದಲ್ಲಿ ಮಾತ್ರ ಪರಿಗಣಿಸಬಹುದು.

ಕಬ್ಬಿಣಕ್ಕೆ: ನೀರನ್ನು ಗಾಳಿಗೆ ಒಡ್ಡಿ, ರಾತ್ರಿಯಿಡೀ ತಂಗಲು ಬಿಟ್ಟು, ಮರಳಿನಲ್ಲಿ ಸೋಸುವುದು ಸುಲಭ ಮಾರ್ಗ. ಆದರೆ ನೀರು ಆಮ್ಲೀಯವಾಗಿದ್ದರೆ ಕಬ್ಬಿಣವು ಗಾಳಿಯೊಡನೆ ಬಹಳ ನಿಧಾನವಾಗಿ ವರ್ತಿಸುತ್ತದೆ. ಅಂತಹ ಕಡೆ ಮೊದಲು ಸುಣ್ಣಕಲ್ಲಿನ ಹರಳುಗಳ ಪದರದ ಮೂಲಕ ನೀರನ್ನು ಹಾಯಿಸಿ ಪಿಎಚ್ ಏರಿಸಬೇಕು. ಪಿಎಚ್ ನೋಡದೆ ಕಬ್ಬಿಣದ ಸೋಸುಕವನ್ನು ಅಳವಡಿಸಿದಲ್ಲಿ ನಿರೀಕ್ಷಿತ ಫಲ ದೊರೆಯದಿರಲು ಇದೇ ಕಾರಣವಾಗಿರಬಹುದು.

5. ಬಾವಿಯ ಕ್ಲೋರಿನೀಕರಣ

ಸಾಮಾನ್ಯ ಲೆಕ್ಕದಂತೆ 1,000 ಲೀಟರ್ ನೀರಿಗೆ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಬೇಕು. 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ, 3.14 × 1 × 1 × 3 = 9.42 ಘನ ಮೀಟರ್, ಅಂದರೆ 9,420 ಲೀಟರ್. ಇದಕ್ಕೆ ಸುಮಾರು 24 ಗ್ರಾಂ ಸಾಕಾಗುತ್ತದೆ. ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬಾರದು. ಬಕೆಟಿನಲ್ಲಿ ಕಲಸಿ, ನೀರು ಸೇರಿಸಿ, ಹತ್ತು ನಿಮಿಷ ತಂಗಿದ ಬಳಿಕ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ತಳದ ಸುಣ್ಣವನ್ನು ಹೊರಹಾಕಬೇಕು. ಒಂದು ಗಂಟೆಯ ನಂತರ ಉಳಿಕೆ ಕ್ಲೋರಿನ್ 0.5 ಇದೆಯೇ ಎಂದು ಪರೀಕ್ಷಿಸಬೇಕು. ಕಡಿಮೆಯಿದ್ದಲ್ಲಿ ಪ್ರಮಾಣ ಹೆಚ್ಚಿಸಬೇಕು. ತೆರೆದಿಟ್ಟ ಪುಡಿಯು ತೇವದಿಂದ ಸತ್ವ ಕಳೆದುಕೊಳ್ಳುವುದರಿಂದ ನಮ್ಮ ಹವೆಯಲ್ಲಿ ಗಾಳಿಯಾಡದ ಡಬ್ಬಿಯಲ್ಲಿಡುವುದು ಕಡ್ಡಾಯವೆಂದೇ ತಿಳಿಯಬೇಕು.

6. ಸದಸ್ಯರಲ್ಲಿ ವಿನಂತಿ

• ಸಾರ್ವಜನಿಕ ಮೂಲಗಳನ್ನು ವರ್ಷಕ್ಕೊಮ್ಮೆ ರಾಸಾಯನಿಕ ಹಾಗೂ ಮಳೆಗಾಲದ ಮುಂಚೆ ಮತ್ತು ನಂತರ ಜೈವಿಕ ಪರೀಕ್ಷೆಗೆ ಒಳಪಡಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು.
• ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಯಲ್ಲಿ ತರಬೇತಿ ಪಡೆದ ಗ್ರಾಮದ ಐವರು ಮಹಿಳೆಯರು ಸಕ್ರಿಯರಾಗಿದ್ದಾರೆಯೇ, ರಾಸಾಯನಿಕಗಳ ಅವಧಿ ಮುಗಿದಿದೆಯೇ ಎಂದು ವಿಚಾರಿಸಬೇಕು.
• ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣವನ್ನು ಬಾವಿಕಟ್ಟೆಯ ಬಳಿ ತಯಾರಿಸದಂತೆ, ಪಾತ್ರೆಗಳನ್ನು ತೋಡಿನಲ್ಲಿ ತೊಳೆಯದಂತೆ ತಿಳಿಸಬೇಕು.
• ವರದಿಯನ್ನು ಕಡತದಲ್ಲಿಡುವುದರ ಜೊತೆಗೆ ಗ್ರಾಮ ಸಭೆಯಲ್ಲಿ ಓದಿ, ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.

ಯಂತ್ರದ ಕುರಿತು ಯಾರಾದರೂ ಸಲಹೆ ಕೇಳಿದಾಗ, ಮೊದಲು ಆ ಮನೆಯ ನೀರಿನ ವರದಿಯನ್ನು ಕೇಳಿರಿ. ವರದಿ ಇಲ್ಲವಾದಲ್ಲಿ ಪರೀಕ್ಷೆ ಆಗುವವರೆಗೆ ಕುದಿಸಿ ಕುಡಿಯಲು ತಿಳಿಸಿರಿ.